ಎಲೆಕ್ಟ್ರಾನ್‌ಗಳ ಜೋಡಣೆ ಮತ್ತು ವಸ್ತುಗಳ ಗುಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತನೇ ತರಗತಿ ಮತ್ತು ಪಿಯುಸಿ ಮಕ್ಕಳು, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ಅಪ್ಪ-ಅಮ್ಮಂದಿರು, ತೋಟಕ್ಕೆ ಔಷಧಿ ಹೊಡೆಯುವ ಕೃಷಿಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಪದವಿ ಮಟ್ಟದವು ಕೊನೆಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಗ್ರಹಗಳು ಸೂರ್ಯನನ್ನು ಸುತ್ತಿದ ಹಾಗೆ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸನ್ನು ಸುತ್ತುತ್ತಾ? ಪುಸ್ತಕದಲ್ಲಿ ಚಿತ್ರ ಹಾಗೇ ಇದೆಯಲ್ಲ?

ಸುತ್ತುವುದಿಲ್ಲ. ಪರಮಾಣುವಿನ ನಡುವೆ ಪುಟ್ಟದಾದ, ಭಾರವಾದ ನ್ಯೂಕ್ಲಿಯಸ್ ಇದೆ ಎಂದು ರುದರ್‌ಫೋರ್ಡ್ ಹೇಳಿದ್ದು 1911ರಲ್ಲಿ. ಎಲೆಕ್ಟ್ರಾನ್ ನಿಜವಾಗಿ ಗ್ರಹದ ಹಾಗೆ ಸುತ್ತುತ್ತಿದ್ದರೆ ಅದು ಬೆಳಕು ಸೂಸುತ್ತಾ, ಶಕ್ತಿ ಕಳೆದುಕೊಳ್ಳುತ್ತಾ, ಕಣ್ಣು ಮಿಟುಕಿಸುವುದರೊಳಗೆ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕಿತ್ತು. 1913ರಲ್ಲಿ ನೀಲ್ಸ್ ಬೋರ್, ಎಲೆಕ್ಟ್ರಾನಿಗೆ ಕೆಲವು ನಿಗದಿತ ಶಕ್ತಿಮಟ್ಟಗಳು ಮಾತ್ರ ಸಾಧ್ಯ ಎಂದರು. ಹೈಡ್ರೋಜನ್ನಿನ ಲೆಕ್ಕ ಸರಿಹೋಯಿತು, ಹೀಲಿಯಂಗೆ ಬಂದಾಗ ತಾಳೆಯಾಗಲಿಲ್ಲ. 1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನನ್ನು ಅಲೆಯಾಗಿ ಲೆಕ್ಕ ಹಾಕಿದ ಮೇಲೆ ಚಿತ್ರವೇ ಬದಲಾಯಿತು. ಎರಡೂ ತುದಿಯಲ್ಲಿ ಬಿಗಿದ ವೀಣೆಯ ತಂತಿ ಕೆಲವೇ ಬಗೆಗಳಲ್ಲಿ ಮಿಡಿಯುವಂತೆ, ನ್ಯೂಕ್ಲಿಯಸ್ಸಿನ ಸೆಳೆತದಲ್ಲಿರುವ ಎಲೆಕ್ಟ್ರಾನ್ ಅಲೆಗೂ ಕೆಲವೇ ರೂಪಗಳುಂಟು. ಈ ರೂಪಗಳೇ ಕಕ್ಷಕಗಳು. ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಕಕ್ಷಕ ಹೇಳುತ್ತದೆ, ಅದು ಓಡಾಡುವ ದಾರಿಯನ್ನು ಹೇಳುವುದಿಲ್ಲ.

ವೃತ್ತಗಳ ಚಿತ್ರವನ್ನು ಎಲೆಕ್ಟ್ರಾನ್ ಎಣಿಸಲು ಧಾರಾಳವಾಗಿ ಬಳಸಿ. ಪರಮಾಣು ನೋಡಲು ಹಾಗಿರುತ್ತದೆ ಎಂದು ಮಾತ್ರ ನಂಬಬೇಡಿ.

2, 8, 18, 32 ಅಂತ ಬಾಯಿಪಾಠ ಮಾಡಿದ್ದೀನಿ. ಈ ಸಂಖ್ಯೆಗಳು ಎಲ್ಲಿಂದ ಬಂದವು?

ಎರಡು ಸಂಗತಿಗಳಿಂದ. ಮೊದಲನೆಯದು, ಪ್ರತಿ ಕವಚದೊಳಗೆ ಉಪಕವಚಗಳಿವೆ: ಎಸ್‌ನಲ್ಲಿ 1 ಕಕ್ಷಕ, ಪಿಯಲ್ಲಿ 3, ಡಿಯಲ್ಲಿ 5, ಎಫ್‌ನಲ್ಲಿ 7. ಮೊದಲ ಕವಚಕ್ಕೆ ಎಸ್ ಮಾತ್ರ, ಎರಡನೆಯದಕ್ಕೆ ಎಸ್ ಮತ್ತು ಪಿ, ಹೀಗೆ ಒಂದೊಂದಾಗಿ ಸೇರುತ್ತಾ ಹೋಗುತ್ತದೆ. ಎರಡನೆಯದು, 1925ರಲ್ಲಿ ಪೌಲಿ ಹೇಳಿದ ನಿಯಮ: ಒಂದು ಕಕ್ಷಕದಲ್ಲಿ ಎರಡೇ ಎಲೆಕ್ಟ್ರಾನ್, ಅವೂ ವಿರುದ್ಧ ಸ್ಪಿನ್‌ನವು. ಸ್ಪಿನ್ ಎಂದರೆ ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಇರುವ ಒಂದು ಗುಣ, ಅದಕ್ಕೆ ಎರಡೇ ಬಗೆ. ಈಗ ಕೂಡಿ ನೋಡಿ. ಮೂರನೇ ಕವಚದಲ್ಲಿ 1+3+5=9 ಕಕ್ಷಕ, ಎರಡರಿಂದ ಗುಣಿಸಿದರೆ 18.

ಪೌಲಿಯ ನಿಯಮ ಇಲ್ಲದಿದ್ದರೆ ಎಲ್ಲ ಎಲೆಕ್ಟ್ರಾನ್‌ಗಳೂ ಕೆಳಗಿನ ಮಟ್ಟಕ್ಕೇ ಇಳಿದು ಕೂರುತ್ತಿದ್ದವು. ಸೋಡಿಯಂಗೂ ನಿಯಾನ್‌ಗೂ ಈಗಿರುವ ವ್ಯತ್ಯಾಸ ಇರುತ್ತಲೇ ಇರಲಿಲ್ಲ.

ಮೂರನೇ ಕವಚದಲ್ಲಿ 18 ಜಾಗ ಇದ್ದರೂ ಪೊಟ್ಯಾಸಿಯಂ ಯಾಕೆ 2, 8, 8, 1?

ಪೊಟ್ಯಾಸಿಯಂನಲ್ಲಿ 4ಎಸ್ ಮಟ್ಟ 3ಡಿಗಿಂತ ಕೆಳಗಿದೆ. ಎಸ್ ಎಲೆಕ್ಟ್ರಾನಿಗೆ ನ್ಯೂಕ್ಲಿಯಸ್ಸಿನ ಹತ್ತಿರಕ್ಕೂ ನುಗ್ಗಿಬರುವ ಸಾಧ್ಯತೆ ಉಂಟು, ಡಿ ಎಲೆಕ್ಟ್ರಾನಿಗೆ ಅದು ತೀರಾ ಕಡಿಮೆ. ಹತ್ತಿರ ಬಂದಷ್ಟೂ ಪೂರ್ತಿ ಸೆಳೆತ ಸಿಗುತ್ತದೆ, ಶಕ್ತಿ ಕೆಳಗಿಳಿಯುತ್ತದೆ. ಹಾಗಾಗಿ 19ನೇ ಎಲೆಕ್ಟ್ರಾನ್ ನಾಲ್ಕನೇ ಕವಚದಲ್ಲಿದೆ. ಕ್ಯಾಲ್ಸಿಯಂನಲ್ಲಿ 4ಎಸ್ ತುಂಬಿದ ಬಳಿಕ, 21ನೇ ಧಾತು ಸ್ಕ್ಯಾಂಡಿಯಂನಿಂದ 3ಡಿ ಶುರುವಾಗಿ 30ನೇ ಧಾತು ಸತುವಿಗೆ ಮುಗಿಯುತ್ತದೆ. ಆವರ್ತಕ ಕೋಷ್ಟಕದ ನಡುವೆ ಹತ್ತು ಕಂಬಗಳ ಪಟ್ಟಿ ಇರುವುದು ಇದೇ ಕಾರಣಕ್ಕೆ.

ಸೋಡಿಯಂ ಎಲೆಕ್ಟ್ರಾನ್ ಕೊಡಲು ಇಷ್ಟಪಡುತ್ತೆ, ಕ್ಲೋರಿನ್ ತಗೊಳ್ಳಲು ಇಷ್ಟಪಡುತ್ತೆ ಅಂತ ಹೇಳಿಕೊಟ್ಟಿದ್ದಾರೆ. ಅದು ನಿಜವಾ?

ಈ ಒಂದು ಮಾತನ್ನು ತಿದ್ದಿಕೊಂಡರೆ ಅರ್ಧ ರಸಾಯನಶಾಸ್ತ್ರ ಬೇರೆಯೇ ರೀತಿ ಕಾಣಿಸುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಸೋಡಿಯಂ ತಾನಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದಿಲ್ಲ. ಅದನ್ನು ಕಿತ್ತುಕೊಳ್ಳಲು ಒಂದು ಮೋಲ್‌ಗೆ 496 ಕಿಲೋಜೂಲ್ ಖರ್ಚಾಗುತ್ತದೆ. ಕ್ಲೋರಿನ್ ಆ ಎಲೆಕ್ಟ್ರಾನನ್ನು ಪಡೆದಾಗ ಹೊರಬರುವುದು ಸುಮಾರು 349 ಕಿಲೋಜೂಲ್ ಮಾತ್ರ. ಅಂದರೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರದಲ್ಲೇ 147 ಕಿಲೋಜೂಲ್ ನಷ್ಟ. ಇದರ ಮೇಲೆ ಗಟ್ಟಿ ಸೋಡಿಯಂ ಮತ್ತು ಕ್ಲೋರಿನ್ ಅನಿಲವನ್ನು ಬಿಡಿ ಪರಮಾಣುಗಳಾಗಿ ಒಡೆಯುವ ಖರ್ಚು ಬೇರೆ. ಇಷ್ಟನ್ನೂ ಭರಿಸಿ ಲಾಭ ತರುವುದು ಉಪ್ಪಿನ ಹರಳು. ಧನ ಮತ್ತು ಋಣ ಅಯಾನುಗಳು ಸಾಲುಸಾಲಾಗಿ ಜೋಡಣೆಯಾಗುವಾಗ ಮೋಲ್‌ಗೆ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ.

ಹಾಗಾದರೆ ಇನ್ನೊಂದು ಎಲೆಕ್ಟ್ರಾನನ್ನೂ ಕಿತ್ತು ಎರಡು ಕ್ಲೋರಿನ್ ಸೇರಿಸಿದರೆ ಲಾಭ ಇನ್ನೂ ಹೆಚ್ಚಬೇಕಲ್ಲ? ಆಗುವುದಿಲ್ಲ. ಸೋಡಿಯಂನ ಎರಡನೇ ಎಲೆಕ್ಟ್ರಾನ್ ಒಳಗಿನ ತುಂಬಿದ ಕವಚದ್ದು, ಅದನ್ನು ಕೀಳಲು 4562 ಕಿಲೋಜೂಲ್ ಬೇಕು. ಯಾವ ಹರಳಿನ ಜೋಡಣೆಯೂ ಅಷ್ಟನ್ನು ಹಿಂದಿರುಗಿಸದು. ಮೆಗ್ನೀಸಿಯಂನಲ್ಲಿ ಇದೇ ಜಿಗಿತ ಒಂದು ಹೆಜ್ಜೆ ತಡವಾಗಿ ಬರುತ್ತದೆ: 738, 1451, ಆಮೇಲೆ ಒಮ್ಮೆಲೇ 7733. ಆದ್ದರಿಂದ ಸೋಡಿಯಂನ ವೇಲೆನ್ಸಿ 1, ಮೆಗ್ನೀಸಿಯಂನದು 2. ‘ಎಂಟು ಮಾಡಿಕೊಳ್ಳುವ ಆಸೆ’ ಎಂದು ಮಕ್ಕಳಿಗೆ ಹೇಳುವ ಬದಲು ಈ ಐದು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಜಿಗಿತ ಎಲ್ಲಿದೆ ಎಂದು ಕೇಳಿ. ಅವರೇ ಹುಡುಕುತ್ತಾರೆ.

ಹೊರಗಿನ ಎಲೆಕ್ಟ್ರಾನ್‌ಗಳದ್ದೇ ಎಲ್ಲ ಕಾರುಬಾರು ಅಂದರೆ, ಒಳಗಿನವುಗಳಿಗೆ ಕೆಲಸವೇ ಇಲ್ವಾ?

ಇದೆ. ಅವು ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಅಡ್ಡ ನಿಲ್ಲುತ್ತವೆ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರಕ್ಕೂ ಹೊರಗೆ ಒಂದೊಂದೇ ಎಲೆಕ್ಟ್ರಾನ್. ಅದನ್ನು ಕೀಳಲು ಬೇಕಾದ ಶಕ್ತಿ 520, 496, 419 ಎಂದು ಇಳಿಯುತ್ತದೆ, ಏಕೆಂದರೆ ಹೊರಗಿನದು ದೂರ ಹೋಗುತ್ತಿದೆ, ನಡುವೆ ತುಂಬಿದ ಕವಚಗಳು ಹೆಚ್ಚುತ್ತಿವೆ. ಲಿಥಿಯಂ ನೀರಿನಲ್ಲಿ ಗುಳ್ಳೆ ಬಿಡುತ್ತಾ ತೇಲುತ್ತದೆ, ಪೊಟ್ಯಾಸಿಯಂ ನೀರಿಗೆ ಬಿದ್ದೊಡನೆ ನಸುನೇರಳೆ ಬಣ್ಣದಲ್ಲಿ ಹೊತ್ತಿಕೊಳ್ಳುತ್ತದೆ.

ಒಳಗಿನವನ್ನು ಅಲುಗಿಸಲು ಎಕ್ಸ್-ಕಿರಣದಷ್ಟು ಶಕ್ತಿ ಬೇಕು. ಒಡವೆ ಅಂಗಡಿಯಲ್ಲಿ ಚಿನ್ನದ ಕ್ಯಾರೆಟ್ ನೋಡುವ ಯಂತ್ರ ಮಾಡುವುದು ಅದನ್ನೇ. ಎಕ್ಸ್-ಕಿರಣ ಬಿಟ್ಟು ಒಳಗಿನ ಎಲೆಕ್ಟ್ರಾನನ್ನು ಹೊರಕ್ಕೆ ಹಾರಿಸುತ್ತದೆ. ಖಾಲಿಯಾದ ಜಾಗಕ್ಕೆ ಮೇಲಿನದೊಂದು ಇಳಿದಾಗ ಹೊಮ್ಮುವ ಕಿರಣದ ಶಕ್ತಿ ಚಿನ್ನಕ್ಕೇ ಬೇರೆ, ಬೆಳ್ಳಿಗೇ ಬೇರೆ, ತಾಮ್ರಕ್ಕೇ ಬೇರೆ. 1913ರಲ್ಲಿ ಮೋಸ್ಲಿ ಇದೇ ಕಿರಣಗಳನ್ನು ಅಳೆದು, ಧಾತುಗಳನ್ನು ಪರಮಾಣು ಸಂಖ್ಯೆಯ ಪ್ರಕಾರ ಜೋಡಿಸಬೇಕು ಎಂಬುದಕ್ಕೆ ಗಟ್ಟಿ ಆಧಾರ ಒದಗಿಸಿದರು.

ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಹಳದಿ ಆಗೋದು ಯಾಕೆ?

ಸಾರಿನಲ್ಲಿರುವ ಉಪ್ಪಿನಿಂದ. ಉರಿಯ ಬಿಸಿಗೆ ಸೋಡಿಯಂ ಪರಮಾಣುವಿನ 3ಎಸ್ ಎಲೆಕ್ಟ್ರಾನ್ 3ಪಿ ಮಟ್ಟಕ್ಕೆ ಏರುತ್ತದೆ, ಮರಳಿ ಇಳಿಯುವಾಗ ಹಳದಿ ಬೆಳಕು ಬಿಡುತ್ತದೆ. ಅದರ ತರಂಗಾಂತರ 589 ನ್ಯಾನೋಮೀಟರ್ ಸುಮಾರಿಗೆ, ಅಕ್ಕಪಕ್ಕದ ಎರಡು ಗೆರೆಗಳಾಗಿ. ಹಳೆಯ ಸೋಡಿಯಂ ಬೀದಿದೀಪದ ಬಣ್ಣದಲ್ಲೂ ಇವೇ ಗೆರೆಗಳಿವೆ. ಪಟಾಕಿಯಲ್ಲಿ ಕೆಂಪಿಗೆ ಸ್ಟ್ರಾಂಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರದ ಸಂಯುಕ್ತಗಳನ್ನು ಹಾಕುತ್ತಾರೆ. ಏನೂ ಚೆಲ್ಲದೆಯೂ ಉರಿ ಹಳದಿಯಾಗೇ ಇದ್ದರೆ ಅದು ಗಾಳಿ ಸಾಲದೆ ಹುಟ್ಟಿದ ಮಸಿಯ ಬಣ್ಣ, ಬರ್ನರ್ ಬಿಚ್ಚಿ ತೊಳೆಯಬೇಕು.

ಇಂಥದ್ದೇ ಒಂದು ಹಳದಿ ಗೆರೆಯಿಂದ ಒಂದು ಧಾತುವೇ ಪತ್ತೆಯಾಯಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಅಂಚಿನ ಬೆಳಕಿನಲ್ಲಿ ಕಂಡ ಹಳದಿ ಗೆರೆ ಸೋಡಿಯಂನದಕ್ಕೆ ತೀರಾ ಹತ್ತಿರವಿದ್ದರೂ ಅದರದಾಗಿರಲಿಲ್ಲ. ತರಂಗಾಂತರ 587.6 ನ್ಯಾನೋಮೀಟರ್. ಅದು ಹೀಲಿಯಂ.

## ಸ್ವಲ್ಪ ಮುಂದೆ ಹೋದರೆ

ಹೀಲಿಯಂಗೆ ಹೊರಗೆ ಎರಡೇ ಎಲೆಕ್ಟ್ರಾನ್. ಹಾಗಾದರೆ ಅದನ್ನು ಮೆಗ್ನೀಸಿಯಂ ಗುಂಪಿಗೆ ಸೇರಿಸಬೇಕಿತ್ತಲ್ವಾ?

ಎಣಿಕೆ ಒಂದೇ, ವರ್ತನೆ ಬೇರೆ. ಮೊದಲ ಕವಚದಲ್ಲಿ ಪಿ ಇಲ್ಲವೇ ಇಲ್ಲ, ಎರಡಕ್ಕೇ ಕವಚ ತುಂಬಿತು. ಹೀಲಿಯಂನಿಂದ ಎಲೆಕ್ಟ್ರಾನ್ ಕೀಳಲು 2372 ಕಿಲೋಜೂಲ್ ಬೇಕು, ಎಲ್ಲ ಧಾತುಗಳಲ್ಲೂ ಇದೇ ಹೆಚ್ಚು.

ಇಂಗಾಲದಲ್ಲಿ ಒಂಟಿ ಎಲೆಕ್ಟ್ರಾನ್ ಎರಡೇ ಇರೋದು. ನಾಲ್ಕು ಬಂಧ ಹೇಗೆ ಮಾಡುತ್ತೆ?

ಒಂಟಿ ಪರಮಾಣುವಿನ ವಿನ್ಯಾಸವನ್ನೇ ಬಂಧದೊಳಗೂ ನೋಡಲು ಹೋದಾಗ ಈ ಗೊಂದಲ ಬರುತ್ತದೆ. ಹೈಡ್ರೋಜನ್‌ಗಳು ಹತ್ತಿರ ಬಂದಾಗ ಇಂಗಾಲದ 2ಎಸ್ ಮತ್ತು 2ಪಿ ಎರಡೂ ಬಂಧದಲ್ಲಿ ಪಾಲುಗೊಳ್ಳುತ್ತವೆ. ನಾಲ್ಕು ಬಂಧಗಳಿಂದ ಸಿಗುವ ಶಕ್ತಿ ಎಸ್ ಎಲೆಕ್ಟ್ರಾನನ್ನು ಮೇಲೆತ್ತುವ ಖರ್ಚಿಗಿಂತ ಬಹಳ ಹೆಚ್ಚು. ನಾಲ್ಕು ಬಂಧಗಳೂ ಒಂದರಿಂದೊಂದು ಆದಷ್ಟು ದೂರವಿರುವ ಕೋನ 109.5 ಡಿಗ್ರಿ. ಮೀಥೇನ್‌ನಲ್ಲೂ ವಜ್ರದಲ್ಲೂ ಅದೇ ಕೋನ ಸಿಗುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್‌ನಲ್ಲಿ ಪ್ರತಿ ಇಂಗಾಲಕ್ಕೆ ಮೂವರೇ ನೆರೆಯವರು. ಉಳಿದ ಒಂದೊಂದು ಎಲೆಕ್ಟ್ರಾನ್ ಇಡೀ ಪದರದಲ್ಲಿ ಹರಡಿರುವುದರಿಂದ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ವಜ್ರ ಹರಿಸುವುದಿಲ್ಲ.

ಮೈಲುತುತ್ತ ನೀಲಿ, ಅನ್ನಭೇದಿ ಹಸಿರು, ಜಿಂಕ್ ಸಲ್ಫೇಟ್ ಬಿಳಿ. ಮೂರೂ ಸಲ್ಫೇಟೇ ಅಂತಾರೆ, ಬಣ್ಣ ಯಾಕೆ ಬೇರೆ ಬೇರೆ?

ಗೊಬ್ಬರದಂಗಡಿಯಲ್ಲಿ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದವರ ಪ್ರಶ್ನೆ ಇದು. ನನಗೆ ಬಹಳ ಇಷ್ಟವಾದ ಪ್ರಶ್ನೆಯೂ ಹೌದು. ಸಲ್ಫೇಟಿಗೆ ಬಣ್ಣವಿಲ್ಲ. ಬಣ್ಣ ಬರುವುದು ಲೋಹದ ಅಯಾನಿನ 3ಡಿ ಎಲೆಕ್ಟ್ರಾನ್‌ಗಳಿಂದ: ಅನ್ನಭೇದಿಯ ಕಬ್ಬಿಣದಲ್ಲಿ 6, ಮೈಲುತುತ್ತದ ತಾಮ್ರದಲ್ಲಿ 9, ಸತುವಿನಲ್ಲಿ 10.

ಒಂಟಿ ಅಯಾನಿನಲ್ಲಿ ಐದೂ ಡಿ ಕಕ್ಷಕಗಳ ಶಕ್ತಿ ಒಂದೇ. ಸುತ್ತ ನೀರಿನ ಅಣುಗಳು ಬಂದು ಕೂತರೆ, ಅವುಗಳತ್ತ ನೇರ ಮುಖಮಾಡಿದ ಕಕ್ಷಕಗಳ ಶಕ್ತಿ ಏರುತ್ತದೆ, ನಡುವಿನ ಸಂದುಗಳತ್ತ ಚಾಚಿದವು ಕೆಳಗುಳಿಯುತ್ತವೆ. ಮೈಲುತುತ್ತದ ಹರಳಿನಲ್ಲಿ ತಾಮ್ರದ ಸುತ್ತ ನಾಲ್ಕು ನೀರಿನ ಅಣುಗಳು ಚೌಕವಾಗಿ ನಿಂತಿವೆ, ಮೇಲೆ ಕೆಳಗೆ ಸಲ್ಫೇಟಿನ ಆಮ್ಲಜನಕಗಳಿವೆ. ಒಂಬತ್ತು ಎಲೆಕ್ಟ್ರಾನ್ ಎಂದರೆ ಮೇಲಿನ ಮಟ್ಟದಲ್ಲಿ ಒಂದು ಜಾಗ ಖಾಲಿ. ಕೆಳಗಿನ ಎಲೆಕ್ಟ್ರಾನ್ ಕೆಂಪು ಬೆಳಕನ್ನು ಹೀರಿಕೊಂಡು ಆ ಜಾಗಕ್ಕೆ ಏರುತ್ತದೆ. ಕೆಂಪು ಕಳೆದ ಮೇಲೆ ನಮ್ಮ ಕಣ್ಣಿಗೆ ನೀಲಿ. ಸತುವಿನಲ್ಲಿ ಹತ್ತೂ ತುಂಬಿವೆ, ಏರಲು ಜಾಗವಿಲ್ಲ, ಹಾಗಾಗಿ ಬಣ್ಣವೂ ಇಲ್ಲ. ಕಬ್ಬಿಣ ಹೀರುವುದು ಹೆಚ್ಚಾಗಿ ಅವಕೆಂಪು ಭಾಗವನ್ನು, ಗೋಚರ ಬೆಳಕಿನಲ್ಲಿ ಕೆಂಪಿನ ಅಂಚನ್ನಷ್ಟೇ. ಆದ್ದರಿಂದ ಅದರ ಹಸಿರು ತೀರಾ ತೆಳು.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ. ಒಣ ಪ್ರನಾಳದಲ್ಲಿ ಮೈಲುತುತ್ತದ ಹರಳು ಹಾಕಿ ಕಾಯಿಸಿದರೆ ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕಟ್ಟುತ್ತದೆ, ತಳದ ನೀಲಿ ಹರಳು ಬಿಳಿಚಿಕೊಂಡು ಪುಡಿಯಾಗುತ್ತದೆ. ಆರಿದ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ಬಿದ್ದ ಜಾಗದಲ್ಲೇ ನೀಲಿ ಮರಳುತ್ತದೆ, ಪ್ರನಾಳ ಕೈಗೆ ಬಿಸಿಯೆನಿಸುತ್ತದೆ. ತಾಮ್ರದ ಒಂಬತ್ತು ಡಿ ಎಲೆಕ್ಟ್ರಾನ್‌ಗಳು ಅಷ್ಟೂ ಹೊತ್ತು ಹಾಗೇ ಇದ್ದವು. ನೀರು ಹೋದಾಗ ಮಟ್ಟಗಳ ಅಂತರ ಕಿರಿದಾಗಿ, ಹೀರುವಿಕೆ ಕಣ್ಣಿಗೆ ಕಾಣದ ಅವಕೆಂಪಿಗೆ ಸರಿದಿತ್ತು. ಮೈಲುತುತ್ತ ವಿಷ, ಅಡುಗೆ ಪಾತ್ರೆಯಲ್ಲಿ ಈ ಪ್ರಯೋಗ ಖಂಡಿತ ಬೇಡ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ ನೋಡ್ತಾರೆ. ಚಾಕು ಕೆಂಪಾದರೆ ಸುಣ್ಣ ಸಾಲದು ಅಂತಾರೆ, ಹೇಗೆ?

ಬೋರ್ಡೋ ಎಂದರೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ದ್ರಾವಣ. ಚಾಕುವಿನ ಕಬ್ಬಿಣ ಎರಡು ಎಲೆಕ್ಟ್ರಾನ್‌ಗಳನ್ನು ತಾಮ್ರದ ಅಯಾನಿಗೆ ಒಪ್ಪಿಸುತ್ತದೆ. ಕಬ್ಬಿಣ ಅಯಾನಾಗಿ ದ್ರಾವಣಕ್ಕಿಳಿಯುತ್ತದೆ, ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಎಲೆಕ್ಟ್ರಾನ್ ಸೆಳೆದುಕೊಳ್ಳುವ ಒಲವಿನ ಅಳತೆಯೇ ಪ್ರಮಾಣಿತ ವಿಭವ. ನೀರಿನಲ್ಲಿ ತಾಮ್ರದ ಪ್ರಮಾಣಿತ ವಿಭವ +0.34 ವೋಲ್ಟ್, ಕಬ್ಬಿಣದ್ದು −0.44 ವೋಲ್ಟ್. ಎಲೆಕ್ಟ್ರಾನ್ ಕಬ್ಬಿಣದಿಂದ ತಾಮ್ರದ ಕಡೆಗೇ ಹರಿಯುತ್ತದೆ. ಸುಣ್ಣ ಸಾಕಷ್ಟು ಬಿದ್ದಿದ್ದರೆ ತಾಮ್ರ ಆಗಲೇ ಕರಗದ ರೂಪಕ್ಕೆ ಬಂದಿರುತ್ತದೆ, ಅಲಗು ಹಾಗೇ ಇರುತ್ತದೆ. ಸುಣ್ಣ ಕಡಿಮೆಯಾಗಿ ಬಿಡಿ ತಾಮ್ರದ ಅಯಾನು ಉಳಿದರೆ ಅದು ಕೊಳೆರೋಗದ ಶಿಲೀಂಧ್ರದ ಜೊತೆಗೆ ಹಸಿರು ಭಾಗವನ್ನೂ ಸುಡುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಈ ದ್ರಾವಣ ಮಾಡಬಾರದು ಎನ್ನುವುದೂ ಇದಕ್ಕೇ. ಹಿರಿಯ ಕೃಷಿಕರ ಈ ಪರೀಕ್ಷೆ ಅಪ್ಪಟ ವಿದ್ಯುದ್ರಸಾಯನಶಾಸ್ತ್ರ, ಅದನ್ನು ಪಠ್ಯದೊಳಗೆ ತರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಕಬ್ಬಿಣದಲ್ಲಿ ಕೊನೆಗೆ ತುಂಬೋದು 3ಡಿ. ಅಯಾನು ಆಗುವಾಗ ಮೊದಲು ಹೋಗೋದು 4ಎಸ್. ಇದು ಉಲ್ಟಾ ಅಲ್ವಾ?

‘ತುಂಬುವ ಕ್ರಮ’ ಎಂದರೆ ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೋಗುವ ಕ್ರಮ. ಪ್ರತಿ ಹೆಜ್ಜೆಗೂ ನ್ಯೂಕ್ಲಿಯಸ್ಸಿಗೆ ಒಂದು ಪ್ರೋಟಾನ್ ಸೇರುತ್ತಿರುತ್ತದೆ. ಕಿತ್ತುಕೊಳ್ಳುವಾಗ ನ್ಯೂಕ್ಲಿಯಸ್ ಬದಲಾಗದು. ಕಬ್ಬಿಣದ 26 ಪ್ರೋಟಾನ್‌ಗಳ ಸೆಳೆತಕ್ಕೆ 3ಡಿ ಒಳಕ್ಕೆ ಕುಗ್ಗಿ ಭದ್ರವಾಗಿದೆ, 4ಎಸ್ ಹೊರಗೆ ಹರಡಿದೆ. ಹಾಗಾಗಿ 4ಎಸ್‌ನ ಎರಡೂ ಮೊದಲು ಹೋಗಿ ಕಬ್ಬಿಣ +2 ಆಗುತ್ತದೆ. ಗಾಳಿಯಲ್ಲಿನ ಆಮ್ಲಜನಕ ಇನ್ನೊಂದನ್ನೂ ಸೆಳೆದರೆ ಐದು ಡಿ ಎಲೆಕ್ಟ್ರಾನ್ ಉಳಿದು +3. ಬಾಯಿ ತೆರೆದಿಟ್ಟ ಅನ್ನಭೇದಿ ಪೊಟ್ಟಣ ಹಳದಿ-ಕಂದಾಗುವುದು ಈ ಬದಲಾವಣೆಯಿಂದ. ಬಳ್ಳಾರಿ, ಸಂಡೂರಿನ ಕೆಂಪು ಹೆಮಟೈಟ್ ಅದಿರಿನ ಕಬ್ಬಿಣವೆಲ್ಲ +3. ಕುದುರೆಮುಖದ ಕಪ್ಪು ಮ್ಯಾಗ್ನೆಟೈಟ್‌ನಲ್ಲಿ ಎರಡು +3ಕ್ಕೆ ಒಂದು +2 ಬೆರೆತಿದೆ, ಅದು ಆಯಸ್ಕಾಂತಕ್ಕೆ ಅಂಟುತ್ತದೆ.

ಸಾರಜನಕಕ್ಕಿಂತ ಆಮ್ಲಜನಕದಿಂದ ಎಲೆಕ್ಟ್ರಾನ್ ಕೀಳೋದು ಸುಲಭ ಅಂತ ಕೋಷ್ಟಕದಲ್ಲಿದೆ. ಮುದ್ರಣದ ತಪ್ಪಾ?

ತಪ್ಪಲ್ಲ. ಸಾರಜನಕದ್ದು 1402, ಆಮ್ಲಜನಕದ್ದು 1314 ಕಿಲೋಜೂಲ್. ಸಾರಜನಕದ ಮೂರು ಪಿ ಎಲೆಕ್ಟ್ರಾನ್‌ಗಳು ಮೂರು ಕಕ್ಷಕಗಳಲ್ಲಿ ಒಂದೊಂದಾಗಿ ಇವೆ. ಆಮ್ಲಜನಕದ ನಾಲ್ಕನೆಯದು ಇನ್ನೊಂದರ ಜೊತೆ ಒಂದೇ ಕಕ್ಷಕ ಹಂಚಿಕೊಳ್ಳಬೇಕು. ಅವುಗಳ ನಡುವಿನ ವಿಕರ್ಷಣೆಯೇ ಕೀಳುವ ಕೆಲಸವನ್ನು ಸುಲಭ ಮಾಡುತ್ತದೆ.

## ಇನ್ನೂ ಆಳಕ್ಕೆ

ಕ್ರೋಮಿಯಂ, ತಾಮ್ರ ನಿಯಮ ಮುರಿಯೋದು ‘ಅರ್ಧ ತುಂಬಿದರೆ, ಪೂರ್ತಿ ತುಂಬಿದರೆ ಸ್ಥಿರ’ ಅನ್ನೋದಕ್ಕೇನಾ?

ಇವೆರಡೂ 4ಎಸ್‌ನಲ್ಲಿ ಎರಡರ ಬದಲು ಒಂದನ್ನೇ ಇಟ್ಟುಕೊಂಡಿವೆ, 3ಡಿಯಲ್ಲಿ ಕ್ರೋಮಿಯಂಗೆ 5, ತಾಮ್ರಕ್ಕೆ 10. ಪರೀಕ್ಷೆಗೆ ಅದೇ ಉತ್ತರ ಸಾಕು, ಅದರಲ್ಲಿ ಸತ್ಯಾಂಶವೂ ಇದೆ. ಒಂದೇ ಸ್ಪಿನ್‌ನ ಎಲೆಕ್ಟ್ರಾನ್‌ಗಳು ಹೆಚ್ಚಿದ್ದಷ್ಟೂ ಅವುಗಳ ನಡುವಿನ ವಿಕರ್ಷಣೆ ತಗ್ಗುತ್ತದೆ. ಆದರೆ ಅದನ್ನೇ ನಿಯಮವೆಂದುಕೊಂಡರೆ ಮುಂದೆ ಎಡವುತ್ತೀರಿ. ಕ್ರೋಮಿಯಂ ಗುಂಪಿನಲ್ಲೇ ಇರುವ ಟಂಗ್‌ಸ್ಟನ್ 5ಡಿಯಲ್ಲಿ 4, 6ಎಸ್‌ನಲ್ಲಿ 2 ಇಟ್ಟುಕೊಂಡಿದೆ, ಅರ್ಧ ತುಂಬಿಸಿಕೊಂಡಿಲ್ಲ. ಇನ್ನೊಂದು ಗುಂಪಿನಲ್ಲಿ ನಿಕ್ಕಲ್ 8 ಮತ್ತು 2, ಪೆಲೇಡಿಯಂ 10 ಮತ್ತು 0, ಪ್ಲಾಟಿನಂ 9 ಮತ್ತು 1. ಮೂರು ಧಾತು, ಮೂರು ವಿನ್ಯಾಸ. ಎಸ್ ಮತ್ತು ಡಿ ಮಟ್ಟಗಳು ತೀರಾ ಹತ್ತಿರವಿರುವಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೇ ತಕ್ಕಡಿ ತಿರುಗಿಸುತ್ತವೆ.

ರಾಜಾನಿಲಗಳು ಯಾವುದರ ಜೊತೆಯೂ ಸೇರಲ್ಲ ಅಂತ ಓದಿದ್ವಿ. ಕ್ಸೆನಾನ್ ಸೇರುತ್ತೆ ಅಂತೀರಲ್ಲ?

ಸೇರುತ್ತದೆ. ನೀಲ್ ಬಾರ್ಟ್‌ಲೆಟ್ ಕೆನಡಾದಲ್ಲಿ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕೆಂಪು ಆವಿಯ ಮೇಲೆ ಕೆಲಸ ಮಾಡುತ್ತಿದ್ದಾಗ ಅದು ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಸಿಯುವುದನ್ನು ಕಂಡರು. ಆಮ್ಲಜನಕದ ಅಣುವಿಗೂ ಕ್ಸೆನಾನ್ ಪರಮಾಣುವಿಗೂ ಅಯಾನೀಕರಣ ಶಕ್ತಿ (ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಹೆಚ್ಚುಕಡಿಮೆ ಒಂದೇ, ಎರಡೂ 1170 ಕಿಲೋಜೂಲ್ ಆಸುಪಾಸು. ಹಾಗಿದ್ದರೆ ಕ್ಸೆನಾನನ್ನೂ ಯಾಕೆ ನೋಡಬಾರದು? 1962ರಲ್ಲಿ ಎರಡು ಅನಿಲಗಳನ್ನು ಬೆರೆಸಿದರು, ಹಳದಿ-ಕಿತ್ತಳೆ ಬಣ್ಣದ ಘನವಸ್ತು ಸಿಕ್ಕಿತು. ಅದೇ ವರ್ಷ ಕ್ಸೆನಾನ್ ಫ್ಲೋರೈಡ್‌ಗಳೂ ತಯಾರಾದವು. ಒಂದು ಕೋಷ್ಟಕದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೆ ಸಿಕ್ಕ ಫಲ ಇದು. ಕ್ಸೆನಾನ್‌ನ ಹೊರ ಎಲೆಕ್ಟ್ರಾನ್‌ಗಳು ದೂರವಿರುವುದರಿಂದ ಇದು ಸಾಧ್ಯವಾಯಿತು.

ಬೆಳ್ಳಿ, ಚಿನ್ನ ಒಂದೇ ಗುಂಪು. ಚಿನ್ನಕ್ಕೆ ಮಾತ್ರ ಆ ಬಣ್ಣ ಯಾಕೆ?

ಇದಕ್ಕೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಬೇಕು. ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನ್. ಅದಕ್ಕೆ ಅತಿ ಹತ್ತಿರದ 1ಎಸ್ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು 58%. ಅಷ್ಟು ವೇಗದಲ್ಲಿ ಎಸ್ ಕಕ್ಷಕಗಳು ಕುಗ್ಗುತ್ತವೆ, ಹೊರಗಿನ 6ಎಸ್ ಕೂಡ. ಅವು ಸೆಳೆತಕ್ಕೆ ಇನ್ನಷ್ಟು ಅಡ್ಡ ಬರುವುದರಿಂದ 5ಡಿ ಸ್ವಲ್ಪ ಮೇಲೇಳುತ್ತದೆ. ಎರಡರ ಅಂತರ ಕಡಿಮೆಯಾಗಿ ಚಿನ್ನ ನೀಲಿ ಬೆಳಕನ್ನು ಹೀರುತ್ತದೆ, ಉಳಿದದ್ದು ಹೊನ್ನಿನ ಬಣ್ಣ. ಬೆಳ್ಳಿಯಲ್ಲಿ ಆ ಅಂತರ ನೇರಳಾತೀತ ಭಾಗದಲ್ಲೇ ಉಳಿದಿದೆ.

ಕುಗ್ಗಿದ 6ಎಸ್ ಎಲೆಕ್ಟ್ರಾನ್ ಸುಲಭಕ್ಕೆ ಬಿಡುವುದೂ ಇಲ್ಲ. ಅಯಾನೀಕರಣ ಶಕ್ತಿ ಬೆಳ್ಳಿಗೆ 731, ಚಿನ್ನಕ್ಕೆ 890 ಕಿಲೋಜೂಲ್. ಕಬ್ಬಿಣದ ಹಾಗೆ ಆಕ್ಸೈಡಾಗದೆ ಕೋಲಾರದ, ಹಟ್ಟಿಯ ಬೆಣಚುಕಲ್ಲಿನೊಳಗೆ ಚಿನ್ನ ಲೋಹವಾಗಿಯೇ ಸಿಕ್ಕಿದ್ದರಲ್ಲಿ ಈ ಬಿಗಿತದ ಪಾಲು ದೊಡ್ಡದು. ಪಕ್ಕದ ಪಾದರಸದಲ್ಲಿ 6ಎಸ್‌ನ ಎರಡೂ ಹೀಗೇ ಬಿಗಿಯಾಗಿರುವುದರಿಂದ ಪರಮಾಣುಗಳ ನಡುವಿನ ಬಂಧ ದುರ್ಬಲವಾಗಿ, −39 ಡಿಗ್ರಿ ಸುಮಾರಿಗೇ ಕರಗುತ್ತದೆ. ಕಾರಿನ ಸೀಸದ ಬ್ಯಾಟರಿಯ ಒಂದು ಕೋಶ ಕೊಡುವ ಸುಮಾರು 2.1 ವೋಲ್ಟ್‌ನಲ್ಲಿ ಹೆಚ್ಚಿನ ಪಾಲು ಸಾಪೇಕ್ಷತೆಯ ಪರಿಣಾಮ ಎಂದು 2011ರಲ್ಲಿ ಪ್ರಕಟವಾದ ಲೆಕ್ಕಾಚಾರ ತೋರಿಸಿತು.

ಚುಕ್ಕೆ ಹಾಕಿ ಬರೆದರೆ ಆಮ್ಲಜನಕದ ಅಣುವಿನಲ್ಲಿ ಎಲ್ಲವೂ ಜೋಡಿಯಾಗೇ ಇವೆ. ಆದರೂ ದ್ರವ ಆಮ್ಲಜನಕ ಆಯಸ್ಕಾಂತಕ್ಕೆ ಯಾಕೆ ಅಂಟುತ್ತೆ?

ಚುಕ್ಕೆ ಚಿತ್ರ ಇಲ್ಲಿ ಸೋಲುತ್ತದೆ. ಎರಡು ಪರಮಾಣುಗಳ ಕಕ್ಷಕಗಳು ಬೆರೆತು ಇಡೀ ಅಣುವಿಗೆ ಸೇರಿದ ಕಕ್ಷಕಗಳಾಗುತ್ತವೆ. ಕೊನೆಯ ಎರಡು ಎಲೆಕ್ಟ್ರಾನ್‌ಗಳಿಗೆ ಸಮಾನ ಶಕ್ತಿಯ ಎರಡು ಕಕ್ಷಕ ಸಿಗುವುದರಿಂದ ಅವು ಬೇರೆ ಬೇರೆಯಾಗಿ, ಒಂದೇ ಸ್ಪಿನ್‌ನಲ್ಲಿ ಕೂರುತ್ತವೆ. ಒಂಟಿ ಎಲೆಕ್ಟ್ರಾನ್ ಇದ್ದರೆ ಆಯಸ್ಕಾಂತ ಸೆಳೆಯುತ್ತದೆ. −183 ಡಿಗ್ರಿಗಿಂತ ತಣ್ಣಗಿನ ತಿಳಿನೀಲಿ ದ್ರವ ಎರಡು ಧ್ರುವಗಳ ನಡುವೆ ಸುರಿದಾಗ ಅಲ್ಲೇ ನೇತಾಡುತ್ತದೆ.

ಈ ಕವಚ, ಉಪಕವಚ ಎಲ್ಲ ಲೆಕ್ಕದ ಕಲ್ಪನೆಯಾ? ಯಾರಾದರೂ ಅಳೆದು ನೋಡಿದ್ದಾರಾ?

ಅಳೆದಿದ್ದಾರೆ. ಅನಿಲದ ಮೇಲೆ ಗೊತ್ತಾದ ಶಕ್ತಿಯ ಎಕ್ಸ್-ಕಿರಣ ಬಿಟ್ಟು, ಹಾರಿಬಂದ ಎಲೆಕ್ಟ್ರಾನಿನ ಶಕ್ತಿ ಅಳೆದು ಕಳೆದರೆ, ಅದು ಪರಮಾಣುವಿನಲ್ಲಿ ಎಷ್ಟು ಬಿಗಿಯಾಗಿತ್ತು ಎಂದು ತಿಳಿಯುತ್ತದೆ. ನಿಯಾನ್‌ನಲ್ಲಿ ಹತ್ತು ಎಲೆಕ್ಟ್ರಾನ್‌ಗಳಿದ್ದರೂ ಮುಖ್ಯವಾಗಿ ಮೂರೇ ಕಡೆ ಶಿಖರ ಬರುತ್ತದೆ: ಸುಮಾರು 870, 48.5 ಮತ್ತು 21.6 ಎಲೆಕ್ಟ್ರಾನ್ ವೋಲ್ಟ್. ಮೊದಲನೆಯದು 1ಎಸ್, ಬಹಳ ಅಂತರದ ಮೇಲೆ 2ಎಸ್, ಅದರ ಹತ್ತಿರ 2ಪಿ. ಹೊರಗಿನ ಎಂಟನ್ನೂ ಒಂದೇ ವೃತ್ತದಲ್ಲಿ ಬರೆದರೂ ಅವು ಸಮಾನವಲ್ಲ ಎಂಬುದು 48.5 ಮತ್ತು 21.6ರ ನಡುವಿನ ಅಂತರದಲ್ಲಿ ನೇರವಾಗಿ ಕಾಣುತ್ತದೆ. ಪಿಯುಸಿ ವಿದ್ಯಾರ್ಥಿಗಳು 2ಎಸ್, 2ಪಿ ಎಂದು ಬರೆಯುವಾಗ ಪಕ್ಕದಲ್ಲಿ ಈ ಮೂರು ಅಂಕಿಗಳನ್ನೂ ಬರೆದಿಟ್ಟುಕೊಳ್ಳಿ.